ದೇವರ ಕೂಟ, ಊರಿನ ನಡಾವಳಿ

ಅಥೆನ್ಸಿನ ಅಕ್ರೊಪೊಲಿಸ್ ಕೋಟೆಯ ಪಶ್ಚಿಮಕ್ಕೆ, ಅರಿಯೋಪಾಗಸ್ ಗುಡ್ಡದ ತಗ್ಗಿನಲ್ಲಿ, ಜರ್ಮನಿಯ ಪುರಾತತ್ವಜ್ಞ ವಿಲ್ಹೆಲ್ಮ್ ಡೋರ್ಪ್‌ಫೆಲ್ಡ್ 1894ರಲ್ಲಿ ಉತ್ಖನನ ನಡೆಸುತ್ತಿದ್ದಾಗ ಕಂಬಸಾಲುಗಳಿದ್ದ ಒಂದು ಹಜಾರದ ಪಾಯ ಸಿಕ್ಕಿತು. ಅಲ್ಲೇ ಒಂದು ಕಲ್ಲುಕಂಬ. ಕಂಬದ ಮೇಲೆ 160ಕ್ಕೂ ಹೆಚ್ಚು ಸಾಲುಗಳ ಗ್ರೀಕ್ ಶಾಸನ. ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ಕಾಲದ, ಸುಮಾರು ಕ್ರಿ.ಶ. 165ರ ಈ ಬರಹ ‘ಇಯೋಬಾಖೋಯ್’ ಎಂದು ತಮ್ಮನ್ನು ಕರೆದುಕೊಳ್ಳುತ್ತಿದ್ದ ಒಂದು ಖಾಸಗಿ ಕೂಟದ್ದು. ದ್ರಾಕ್ಷಾರಸದ ಒಡೆಯ ಡಯೊನೈಸಸ್ ಅವರ ದೈವ; ಬಾಖಸ್ ಅನ್ನುವುದು ಅವನದೇ ಇನ್ನೊಂದು ಹೆಸರು. ಡಯೊನೈಸಸ್ ಎಂದರೆ ಉನ್ಮಾದ, ಕುಣಿತ, ಕಾಡಿನಲ್ಲಿ ಮೈಮರೆತು ಓಡುವ ಹೆಂಗಸರು ಎಂದು ನಾಟಕಗಳಲ್ಲಿ ಓದಿದವರಿಗೆ ಈ ಕಲ್ಲು ತುಸು ನಿರಾಸೆಯನ್ನೇ ಮಾಡುತ್ತದೆ. ಸೇರ್ಪಡೆಯ ಶುಲ್ಕ ಎಷ್ಟು, ತಿಂಗಳ ವಂತಿಗೆ ಕಟ್ಟದವರನ್ನು ಏನು ಮಾಡಬೇಕು, ಇನ್ನೊಬ್ಬನ ಆಸನದಲ್ಲಿ ಹೋಗಿ ಒರಗಿಕೊಂಡವನಿಗೆ ದಂಡ ಎಷ್ಟು, ಖಜಾಂಚಿಯ ಅವಧಿ ಎಷ್ಟು ವರ್ಷ: ಇದರ ತುಂಬ ಇಂಥವೇ ಮಾತು. ಉನ್ಮಾದದ ದೇವರ ಭಕ್ತರು ಕಲ್ಲಿನಲ್ಲಿ ಕೊರೆಸಿಟ್ಟದ್ದು ಶಿಸ್ತಿನ ಕಟ್ಟಳೆಗಳನ್ನು.

ಇಂಥ ಕೂಟಗಳು ಅಥೆನ್ಸಿನಲ್ಲಷ್ಟೇ ಇದ್ದವಲ್ಲ. ರೋಮನ್ನರ ಆಳ್ವಿಕೆಯಲ್ಲಿದ್ದ ಗ್ರೀಕ್ ಭಾಷೆಯ ಊರುಗಳಲ್ಲೆಲ್ಲ, ಎಫೆಸಸ್, ಸ್ಮಿರ್ನಾ, ಪೆರ್ಗಮಮ್, ಥೆಸಲೋನಿಕ, ಹಿಯರಾಪೊಲಿಸ್, ರೋಡ್ಸ್ ಎನ್ನದೆ, ಇವುಗಳ ಶಾಸನಗಳು ಸಿಗುತ್ತವೆ. ಡಿಮೀಟರ್, ಐಸಿಸ್, ಸೆರಾಪಿಸ್, ಅತ್ಯುನ್ನತ ಜ್ಯೂಸ್, ಚಂದ್ರದೇವ ಮೆನ್, ಹೀಗೆ ಒಂದೊಂದಕ್ಕೆ ಒಂದೊಂದು ದೈವ. ಬಣ್ಣಗಾರರು, ನೇಕಾರರು, ಬೆಳ್ಳಿ ಕೆಲಸದವರು ಕಟ್ಟಿಕೊಂಡ ಕಸುಬಿನ ಸಂಘಗಳಿಗೂ ಒಂದು ದೇವರು, ಒಂದು ಹಬ್ಬ ಇದ್ದೇ ಇರುತ್ತಿತ್ತು. ಊರಿನ ಅಧಿಕೃತ ದೇವಾಲಯಗಳ ಪೂಜೆಯನ್ನು ಊರೇ ನಡೆಸುತ್ತಿತ್ತು. ಕೂಟದ ಪೂಜೆ ಮಾತ್ರ ಸದಸ್ಯರದು, ಸದಸ್ಯರ ದುಡ್ಡಿನದು. ಇವು ಯಾಕೆ ಇಷ್ಟೊಂದು ಹಬ್ಬಿದವು ಎಂಬ ಪ್ರಶ್ನೆಗೆ ಒಂದು ಹಳೆಯ ಉತ್ತರವಿದೆ. ಫ್ರಾನ್ಸಿನ ವಿದ್ವಾಂಸ ಪೋಲ್ ಫುಕಾರ್ 1873ರಲ್ಲಿ ಗ್ರೀಕರ ಧಾರ್ಮಿಕ ಕೂಟಗಳ ಬಗ್ಗೆ ಪುಸ್ತಕ ಬರೆದು, ಇವು ಪರದೇಶಿಯರ, ಗುಲಾಮರ, ಹೆಂಗಸರ ಗುಂಪುಗಳು, ಹಳೆಯ ನಗರಧರ್ಮ ಹಳಸಿದ್ದರ ಕುರುಹುಗಳು ಎಂಬ ಚಿತ್ರ ಕೊಟ್ಟ. ಆಮೇಲೆ ಬಂದ ಹಲವರು ಅದನ್ನೇ ಬೆಳೆಸಿದರು: ಮೊದಲು ಮ್ಯಾಸಿಡೋನಿಯ, ಬಳಿಕ ರೋಮ್ ಬಂದು ನಗರಗಳ ಸ್ವಾತಂತ್ರ್ಯ ಹೋಯಿತು, ನಾಗರಿಕ ಒಂಟಿಯಾದ, ಒಂಟಿತನ ಕಳೆಯಲು ಕೂಟ ಸೇರಿದ. ಕೇಳಲು ಸೊಗಸಾದ ಕಥೆ. ಕಲ್ಲುಗಳನ್ನೇ ಓದಿದರೆ ಅದು ನಿಲ್ಲುವುದಿಲ್ಲ. ಊರು ಕೈಬಿಟ್ಟವರು ಇಲ್ಲಿ ಆಸರೆ ಹುಡುಕಿದರು ಎನ್ನುವುದಕ್ಕಿಂತ, ಊರಿನ ನಡಾವಳಿಯನ್ನೇ ಚಿಕ್ಕ ಅಳತೆಯಲ್ಲಿ ಮತ್ತೆ ನಡೆಸಿದರು ಎನ್ನುವುದೇ ಸಾಕ್ಷ್ಯಕ್ಕೆ ಹೆಚ್ಚು ಹತ್ತಿರ.

ಅಥೆನ್ಸಿನ ಶಾಸನದ ಮೊದಲ ಭಾಗ ಒಂದು ಸಭೆಯ ವರದಿ. 23 ವರ್ಷ ಪುರೋಹಿತನಾಗಿ, ಅದಕ್ಕೂ ಮುಂಚೆ 17 ವರ್ಷ ಉಪಪುರೋಹಿತನಾಗಿ ದುಡಿದ ನಿಕೋಮಾಖಸ್ ಎಂಬಾತ ಬದುಕಿರುವಾಗಲೇ ತನ್ನ ಸ್ಥಾನವನ್ನು ಬಿಟ್ಟುಕೊಡುತ್ತಾನೆ. ಹೊಸ ಪುರೋಹಿತ ಕ್ಲಾಡಿಯಸ್ ಹೆರೋಡಿಸ್. ಇವನು ಆ ಕಾಲದ ಗ್ರೀಸಿನ ಮಹಾ ಶ್ರೀಮಂತ, ಮಾತುಗಾರ ಹೆರೋಡಿಸ್ ಆಟಿಕಸ್ಸೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅಕ್ರೊಪೊಲಿಸಿನ ಬುಡದಲ್ಲಿ ನಮ್ಮ ಕಾಲದಲ್ಲೂ ಸಂಗೀತ, ನಾಟಕ ನಡೆದಿರುವ ರಂಗಮಂದಿರವನ್ನು ಕಟ್ಟಿಸಿದವನು ಅವನೇ. ಹಳಬ ನಿಕೋಮಾಖಸ್ ಮತ್ತೆ ಉಪಪುರೋಹಿತನಾಗಿ, ಹಿಂದಿನ ಪುರೋಹಿತರಿಬ್ಬರು ಬರೆದಿದ್ದ ಕಟ್ಟಳೆಗಳನ್ನು ಓದಿ ಹೇಳುತ್ತಾನೆ. ಸಭೆಯಲ್ಲಿ ಕೂಗು ಏಳುತ್ತದೆ: ಇವೇ ಕಟ್ಟಳೆಗಳು ಸದಾ ಇರಲಿ, ಕಲ್ಲಿಗೆ ಹಾಕಿಸಿ, ಮತಕ್ಕೆ ಇಡಿ. ಅಧ್ಯಕ್ಷ ರೂಫಸ್ ವಿಷಯವನ್ನು ಮತಕ್ಕೆ ಇಡುತ್ತಾನೆ. ಎಲ್ಲರೂ ಕೈ ಎತ್ತುತ್ತಾರೆ. ಮತ್ತೆ ಜಯಕಾರ, ಬಾಖಸ್‌ನ ಕೂಟಗಳಲ್ಲೆಲ್ಲ ಇನ್ನು ನಮ್ಮದೇ ಮೊದಲು ಎಂಬ ಹೆಮ್ಮೆ. ವರದಿ ಬರೆದವನು ಈ ಕೂಗುಗಳನ್ನೂ ಬಿಡದೆ ದಾಖಲಿಸಿದ್ದಾನೆ, ಯಾಕೆಂದರೆ ಆ ಕಾಲದ ನಗರಸಭೆಗಳ ನಿರ್ಣಯಗಳಲ್ಲೂ ಜನರ ಕೂಗನ್ನು ಬರೆದಿಡುವ ರೂಢಿಯಿತ್ತು. ವರ್ಷವನ್ನು ಅಥೆನ್ಸಿನ ಆ ಸಾಲಿನ ಅಧಿಕಾರಿಯ ಹೆಸರಿನಿಂದ, ದಿನವನ್ನು ಅಥೆನ್ಸಿನ ಪಂಚಾಂಗದಿಂದ ಗುರುತಿಸಿದ್ದಾರೆ. ತಲೆಬರಹ ಮುಚ್ಚಿ ಓದಿದರೆ ಇದು ನಗರದ ನಿರ್ಣಯವೋ ಕುಡಿತದ ಕೂಟದ್ದೋ ಎಂದು ಒಂದು ಗಳಿಗೆ ಅನುಮಾನವೇ ಬರಬೇಕು.

ಕಟ್ಟಳೆಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೇರುವವನು ಪುರೋಹಿತನಿಗೆ ಅರ್ಜಿ ಕೊಡಬೇಕು, ಸದಸ್ಯರು ಮತ ಹಾಕಿ ಯೋಗ್ಯನೆಂದು ಒಪ್ಪಬೇಕು. ಶುಲ್ಕ 50 ದೆನಾರಿಯಸ್; ಸದಸ್ಯನ ಮಗನಾದರೆ 25. ಬೈಬಲಿನ ದ್ರಾಕ್ಷಿತೋಟದ ಕಥೆಯಲ್ಲಿ ಕೂಲಿಯಾಳಿಗೆ ದಿನಕ್ಕೆ ಒಂದು ದೆನಾರಿಯಸ್ ಎಂದಿದೆ. ಆ ಲೆಕ್ಕದಲ್ಲಿ ಇದು ಸುಮಾರು ಎರಡು ತಿಂಗಳ ದುಡಿಮೆ. ಪ್ರತಿ ತಿಂಗಳ 9ನೇ ದಿನ, ವಾರ್ಷಿಕೋತ್ಸವದಂದು, ದೇವರ ಹಬ್ಬಗಳಂದು ಕೂಟ ಸೇರುತ್ತಿತ್ತು. ಅಲ್ಲಿ ಯಾರೂ ಮನಸ್ಸಿಗೆ ಬಂದಂತೆ ಹಾಡುವಂತಿಲ್ಲ, ಗಲಾಟೆ ಮಾಡುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ. ತನಗೆ ಗೊತ್ತುಮಾಡಿದ ಪಾತ್ರವನ್ನು ಅಚ್ಚುಕಟ್ಟಾಗಿ ಮಾಡಿ ಸುಮ್ಮನಿರಬೇಕು. ಜಗಳ ತೆಗೆದವನಿಗೆ, ಬೈದವನಿಗೆ ದಂಡ. ಬೈಸಿಕೊಂಡವನು ಇಬ್ಬರು ಸದಸ್ಯರಿಂದ ಪ್ರಮಾಣದ ಸಾಕ್ಷಿ ಕೊಡಿಸಬೇಕು. ಶಿಸ್ತು ನೋಡಿಕೊಳ್ಳಲು ಒಬ್ಬ ಅಧಿಕಾರಿ. ಅವನು ದೇವರ ಕೋಲನ್ನು ತಂದು ಗಲಾಟೆ ಮಾಡಿದವನ ಪಕ್ಕದಲ್ಲಿ ಇಟ್ಟರೆ, ಅವನು ಎದ್ದು ಹೊರಗೆ ಹೋಗಬೇಕು. ಹೋಗದಿದ್ದರೆ ‘ಕುದುರೆಗಳು’ ಎಂಬ ಅಡ್ಡಹೆಸರಿನ ಗಟ್ಟಿಗರು ಅವನನ್ನು ಬಾಗಿಲಾಚೆ ಬಿಟ್ಟು ಬರುತ್ತಾರೆ. ಸದಸ್ಯ ಸತ್ತರೆ 5 ದೆನಾರಿಯಸ್‌ ಮೀರದ ಒಂದು ಹೂಮಾಲೆ, ಶವಸಂಸ್ಕಾರಕ್ಕೆ ಬಂದವರಿಗೆ ಒಂದು ಜಾಡಿ ದ್ರಾಕ್ಷಾರಸ. ಬಾರದವನಿಗೆ ಅದರಲ್ಲಿ ಪಾಲಿಲ್ಲ. ಮನುಷ್ಯಸ್ವಭಾವ ಬಲ್ಲವರು ಬರೆದ ನಿಯಮ ಇದು.

ನನ್ನ ವಾದಕ್ಕೆ ಇವೆಲ್ಲಕ್ಕಿಂತ ಹೆಚ್ಚು ತೂಕದ್ದು ಇನ್ನೊಂದು ಕಟ್ಟಳೆ. ಸದಸ್ಯನಿಗೆ ಶುಭ ಒದಗಿ ಬಂದರೆ ಅವನು ಕೂಟಕ್ಕೆ ದ್ರಾಕ್ಷಾರಸ ಕೊಡಿಸಬೇಕು. ಯಾವ ಶುಭ ಎಂಬುದಕ್ಕೆ ಶಾಸನ ಪಟ್ಟಿಯನ್ನೇ ಕೊಡುತ್ತದೆ: ಮದುವೆ, ಮಗು ಹುಟ್ಟುವುದು, ಮಗ ಊರಿನ ತರುಣರ ಪಡೆಗೆ ಸೇರುವುದು, ಪೌರತ್ವ ಸಿಗುವುದು, ನಗರದ ಸಲಹಾಸಭೆಗೆ ಆಯ್ಕೆಯಾಗುವುದು, ಆಟೋಟಗಳ ಅಧ್ಯಕ್ಷನಾಗುವುದು, ಹಿರಿಯರ ಮಂಡಳಿಗೆ ಹೋಗುವುದು, ನ್ಯಾಯಾಧಿಕಾರಿಯಾಗುವುದು, ಹೇಡ್ರಿಯನ್ ಚಕ್ರವರ್ತಿ ಸ್ಥಾಪಿಸಿದ ಅಖಿಲ ಗ್ರೀಕ್ ಸಭೆಗೆ ಪ್ರತಿನಿಧಿಯಾಗುವುದು. ಊರಿನಿಂದ ಬೇಸತ್ತು ಓಡಿಬಂದವರ ಕೂಟದಲ್ಲಿ ಇಂಥ ಪಟ್ಟಿ ಹುಟ್ಟಲು ಸಾಧ್ಯವೇ? ಕೂಟದ ಸದಸ್ಯ ಊರಿನಲ್ಲಿ ಮೇಲೇರುವುದನ್ನು ಕೂಟ ಕಾಯುತ್ತಿತ್ತು, ಎಣಿಸುತ್ತಿತ್ತು, ಅದಕ್ಕೆ ಕುಡಿಯುತ್ತಿತ್ತು. ಮನೆಯಲ್ಲಿ ತೊಟ್ಟಿಲು ಕಟ್ಟಿದ್ದೂ ಸಲಹಾಸಭೆಯಲ್ಲಿ ಆಸನ ಸಿಕ್ಕಿದ್ದೂ ಒಂದೇ ಸಾಲಿನಲ್ಲಿವೆ. ಇಲ್ಲೊಂದು ಎಳೆದಾಟ ಇತ್ತೆಂಬುದೂ ನಿಜ. ಕೂಟದೊಳಗೆ ಏಟು ತಿಂದವನು ಪುರೋಹಿತನಿಗೆ ಲಿಖಿತ ದೂರು ಕೊಡದೆ ನೇರವಾಗಿ ಊರಿನ ನ್ಯಾಯಾಲಯಕ್ಕೆ ಹೋದರೆ ಏಟು ಕೊಟ್ಟವನಿಗೆ ಆಗುವ ಶಿಕ್ಷೆಯೇ ಅವನಿಗೂ. ಮನೆಯ ಜಗಳ ಬೀದಿಗೆ ಬರಬಾರದು ಎಂಬ ಎಚ್ಚರ. ಆದರೆ ಊರಿನ ನ್ಯಾಯಾಲಯವನ್ನು ಬಿಟ್ಟು ಇವರು ಇಟ್ಟುಕೊಂಡ ನ್ಯಾಯವಾದರೂ ಎಂಥದು? ದೂರು, ಸಾಕ್ಷಿ, ಸಭೆ ಕರೆಯುವುದು, ಮತ. ಅದೂ ಊರಿನಿಂದಲೇ ಕಲಿತದ್ದು.

ಇದಕ್ಕೆ ಸಹಜವಾಗಿ ಏಳುವ ಆಕ್ಷೇಪ ಒಂದಿದೆ. ಇದು ಹಣವಂತರ ಕೂಟ, ಹೆರೋಡಿಸ್‌ನಂಥವನು ಪುರೋಹಿತನಾದ ಮೇಲೆ ಕೈ ಎತ್ತುವುದು ಬರೀ ತೋರಿಕೆ, ಎನ್ನಬಹುದು. ಅರ್ಧ ಒಪ್ಪಬೇಕಾದ ಮಾತು. 50 ದೆನಾರಿಯಸ್ ಕೂಲಿಯವನ ಕೈಗೆಟುಕುವ ಮೊತ್ತವಲ್ಲ, ಮತ್ತು ಸಿರಿವಂತ ಪೋಷಕನೊಬ್ಬ ಸಿಕ್ಕಿದ್ದಕ್ಕೆ ಸದಸ್ಯರು ಹಿಗ್ಗಿದ್ದು ಅವರ ಕೂಗಿನಲ್ಲೇ ಕೇಳುತ್ತದೆ. ಆದರೆ ಇದೇ ಕಾಲದ ಊರುಗಳಲ್ಲೂ ಹಾಗೇ ಆಗಿತ್ತು. ರೋಮನ್ನರ ಆಳ್ವಿಕೆಯಲ್ಲಿ ನಗರದ ಅಧಿಕಾರ ಸಲಹಾಸಭೆಯ ಸ್ಥಿತಿವಂತ ಮನೆತನಗಳ ಕಡೆಗೆ ವಾಲುತ್ತ ಬಂತು. ಕಟ್ಟಡ, ಹಬ್ಬ, ಎಣ್ಣೆಯ ದಾನಗಳಿಗೆ ಊರು ಅವರನ್ನೇ ನೆಚ್ಚಿತು, ಬದಲಿಗೆ ಕಿರೀಟ, ಪ್ರತಿಮೆ, ಜಯಕಾರ ಕೊಟ್ಟಿತು. ಕೂಟ ಊರಿನ ಪ್ರತಿರೂಪ ಎಂದಾಗ ಊರಿನ ಅಸಮಾನತೆಯೂ ಅದರಲ್ಲಿ ಪಡಿಮೂಡಿತ್ತು ಎಂದೇ ಅರ್ಥ. ಸಮಾನತೆಯ ದ್ವೀಪಗಳನ್ನು ಇಲ್ಲಿ ಹುಡುಕುವುದು ವ್ಯರ್ಥ. ಆದರೂ ಒಂದು ವ್ಯತ್ಯಾಸವಿದೆ. ನಿಕೋಮಾಖಸ್ ಯಾವ ಮನೆತನದವನೋ ಏನೋ, ಈ ಹಜಾರದೊಳಗೆ 40 ವರ್ಷ ಅವನಿಗೊಂದು ಪದವಿ ಇತ್ತು. ಖಜಾಂಚಿಯನ್ನು ಎರಡು ವರ್ಷಕ್ಕೊಮ್ಮೆ ಸದಸ್ಯರೇ ಆರಿಸುತ್ತಿದ್ದರು. ಹಬ್ಬದಲ್ಲಿ ಡಯೊನೈಸಸ್, ಅಫ್ರೊಡೈಟ್ ಮುಂತಾದ ಹೆಸರುಗಳ ಪಾತ್ರ ಯಾರಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ದೊಡ್ಡ ಊರಿನಲ್ಲಿ ದೊರೆಯದ ಸ್ಥಾನಮಾನ ಚಿಕ್ಕದರಲ್ಲಿ ಹೆಚ್ಚು ಜನರಿಗೆ ದೊರೆಯುತ್ತಿತ್ತು.

ಅಥೆನ್ಸಿನಿಂದ ಆಗ್ನೇಯಕ್ಕೆ, ಲೌರಿಯನ್ ಬೆಳ್ಳಿಗಣಿಗಳ ಸೀಮೆಗೆ ಬಂದರೆ ಚಿತ್ರ ತೀರ ಬೇರೆ. ಅಲ್ಲಿ ಗಾಯಸ್ ಒರ್ಬಿಯಸ್ ಎಂಬ ರೋಮನ್ ಯಜಮಾನನ ಗುಲಾಮ, ಲಿಸಿಯದಿಂದ ಬಂದ ಕ್ಸಾಂಥೋಸ್, ಮೆನ್ ಟಿರಾನೋಸ್ ಎಂಬ ಚಂದ್ರದೇವನಿಗೆ ಒಂದು ಗುಡಿಯನ್ನು ಸ್ಥಾಪಿಸಿದ. ದೇವರೇ ತನ್ನನ್ನು ಆರಿಸಿಕೊಂಡ ಎಂದು ಬರೆಸಿದ. ಅವನ ಶಾಸನ ಎರಡು ಪ್ರತಿಗಳಲ್ಲಿ ಉಳಿದಿದೆ: ಒಂದು ಒರಟು, ಇನ್ನೊಂದು ಸ್ವಲ್ಪ ತಿದ್ದಿದ್ದು, ಎರಡರಲ್ಲೂ ಗ್ರೀಕ್ ಕಾಗುಣಿತ ತಪ್ಪುತಪ್ಪು. ಬೆಳ್ಳುಳ್ಳಿ, ಹಂದಿಮಾಂಸ, ಸ್ತ್ರೀಸಂಗಗಳಿಂದ ಶುದ್ಧರಾಗಿ ಬರಬೇಕು. ಸಾವಿನ ಸೂತಕ 10 ದಿನ, ಮುಟ್ಟಿನದು 7 ದಿನ. ಬಲಿ ಕೊಟ್ಟ ಪ್ರಾಣಿಯಲ್ಲಿ ಬಲತೊಡೆ, ಚರ್ಮ ಮುಂತಾಗಿ ದೇವರ ಪಾಲು ಇಷ್ಟು. ಇಷ್ಟವಿದ್ದವರು ಸೇರಿ ವಂತಿಗೆಯ ಕೂಟ ಕಟ್ಟಿಕೊಳ್ಳಬಹುದು. ಆದರೆ ಸ್ಥಾಪಕನಿಲ್ಲದೆ ಯಾರೂ ಬಲಿ ಕೊಡುವಂತಿಲ್ಲ. ಅವನು ಸತ್ತರೂ, ಕಾಯಿಲೆ ಬಿದ್ದರೂ, ದೂರ ಹೋದರೂ ಅವನು ನೇಮಿಸಿದವನಿಗಷ್ಟೇ ಅಧಿಕಾರ. ದೇವರ ವಿಷಯದಲ್ಲಿ ಮೂಗು ತೂರಿಸಿದವನ ಪಾಪಕ್ಕೆ ಪರಿಹಾರವಿಲ್ಲ. ಇಲ್ಲಿ ಮತವಿಲ್ಲ, ಸಭೆಯಿಲ್ಲ, ಒಬ್ಬನದೇ ಮಾತು. ನನ್ನ ವಾದಕ್ಕೆ ಇದು ಅಡ್ಡಿ ಎನಿಸಬಹುದು. ಆದರೂ ಕ್ಸಾಂಥೋಸ್ ಹಿಡಿದ ದಾರಿ ಯಾರದು ಎಂದು ನೋಡಿ. ಕಾನೂನಿನ ಕಣ್ಣಿನಲ್ಲಿ ತನ್ನ ಮೈಯೂ ತನ್ನದಲ್ಲದವನು ಗುಡಿ ಕಟ್ಟುತ್ತಾನೆ, ನಿಯಮ ಮಾಡುತ್ತಾನೆ, ಉತ್ತರಾಧಿಕಾರಿಯನ್ನು ನೇಮಿಸುವ ಹಕ್ಕನ್ನು ಸಾರುತ್ತಾನೆ, ಮತ್ತು ಇದನ್ನೆಲ್ಲ ಕಲ್ಲಿನಲ್ಲಿ ಕೊರೆಸಿ ಎದುರಿಗೆ ನಿಲ್ಲಿಸುತ್ತಾನೆ. ಶ್ರೀಮಂತ ನಾಗರಿಕರು ಮಾಡುತ್ತಿದ್ದುದು ಇದನ್ನೇ. ಗ್ರೀಕ್ ಸರಿಯಾಗಿ ಬಾರದಿದ್ದರೂ ಗ್ರೀಕ್ ಊರಿನ ಮರ್ಯಾದೆ ಹೇಗೆ ದಕ್ಕುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಏಷ್ಯಾಮೈನರಿನ ಫಿಲಡೆಲ್ಫಿಯದಲ್ಲಿ, ರೋಮ್ ಇನ್ನೂ ಕಾಲೂರುತ್ತಿದ್ದ ದಿನಗಳಲ್ಲಿ, ಡಯೊನಿಸಿಯಸ್ ಎಂಬವನ ಮನೆಯಲ್ಲಿ ಸೇರುತ್ತಿದ್ದ ಕೂಟ ಗಂಡಸರಿಗೂ ಹೆಂಗಸರಿಗೂ, ಸ್ವತಂತ್ರರಿಗೂ ಮನೆಯಾಳುಗಳಿಗೂ ಬಾಗಿಲು ತೆರೆದಿತ್ತು. ಅದರ ಶಾಸನ ಹಣದ ಮಾತಿಗಿಂತ ನಡತೆಯ ಮಾತನ್ನೇ ಹೆಚ್ಚು ಆಡುತ್ತದೆ: ಮೋಸ ಬೇಡ, ಮಾಟಮದ್ದು ಬೇಡ, ಗರ್ಭಪಾತದ ಮದ್ದು ಕೊಡುವುದು ಬೇಡ, ಪರರ ಸಂಸಾರ ಕೆಡಿಸುವುದು ಬೇಡ. ನೈತಿಕ ಕಟ್ಟುಪಾಡು ಎಂಬುದು ಕ್ರೈಸ್ತರೊಂದಿಗೇ ಬಂತು ಎಂದುಕೊಂಡವರು ಈ ಕಲ್ಲನ್ನು ಓದಬೇಕು.

ಎರಡನೆಯ ಆಕ್ಷೇಪ ಹೆಚ್ಚು ಹಳೆಯದು. ಆ ಕಾಲದವರೇ ಎತ್ತಿದ್ದು. ದೇವರು ನೆಪ, ಕುಡಿತವೇ ಉದ್ದೇಶ ಎಂಬುದು. ಅಲೆಗ್ಸಾಂಡ್ರಿಯದ ಯೆಹೂದಿ ಚಿಂತಕ ಫಿಲೋ, ಈಜಿಪ್ಟಿನ ರೋಮನ್ ಅಧಿಕಾರಿ ಫ್ಲಾಕಸ್‌ನ ಮೇಲೆ ಬರೆದ ಪುಸ್ತಕದಲ್ಲಿ, ಬಲಿಯ ನೆಪದಲ್ಲಿ ಔತಣ ಮಾಡಿ ಕುಡಿದು ಕುಣಿಯುತ್ತಿದ್ದ ಕೂಟಗಳನ್ನು ಫ್ಲಾಕಸ್ ಮುಚ್ಚಿಸಿದ್ದನ್ನು ಅವನ ಆರಂಭದ ದಿನಗಳ ಒಳ್ಳೆಯ ಕೆಲಸಗಳ ಸಾಲಿನಲ್ಲಿ ಸೇರಿಸುತ್ತಾನೆ. ಅಲೆಗ್ಸಾಂಡ್ರಿಯದ ಪುಂಡ ಮುಖಂಡ ಇಸಿಡೋರಸ್ ಇಂಥ ಕೂಟಗಳಿಗೆಲ್ಲ ಯಜಮಾನನಾಗಿದ್ದ ಎಂದು ಬೈಯುತ್ತಾನೆ. ಫಿಲೋಗೆ ಸಿಟ್ಟಾಗಲು ಕಾರಣವಿತ್ತು, ಕ್ರಿ.ಶ. 38ರಲ್ಲಿ ಅಲ್ಲಿನ ಯೆಹೂದಿಗಳ ಮೇಲೆ ನಡೆದ ಘೋರ ದಾಳಿಯ ಹಿಂದೆ ಇಂಥವರ ಕೈವಾಡವನ್ನು ಅವನು ಕಂಡಿದ್ದ. ಆದರೆ ಪೂಜೆ ಬೇರೆ, ಊಟ ಬೇರೆ ಎಂಬ ವಿಂಗಡಣೆಯೇ ಗ್ರೀಕರ ಬಲಿಗೆ ಹೊಂದುವುದಿಲ್ಲ. ಪ್ರಾಣಿಯನ್ನು ಕೊಂದು, ದೇವರ ಪಾಲು ಸುಟ್ಟು, ಉಳಿದದ್ದನ್ನು ಹಂಚಿ ತಿನ್ನುವುದೇ ಬಲಿ; ಯಾರಿಗೆ ಯಾವ ತುಂಡು ಎಂಬುದರಲ್ಲೇ ಯಾರ ಮರ್ಯಾದೆ ಎಷ್ಟು ಎಂಬುದು ಗೊತ್ತಾಗುತ್ತಿತ್ತು. ದ್ರಾಕ್ಷಾರಸವೇ ದೇವರಾಗಿರುವ ಕೂಟದಲ್ಲಿ ಕುಡಿಯಬೇಡಿ ಎನ್ನುವವರು ಯಾರು? ಇಷ್ಟಾಗಿ, ಅಥೆನ್ಸಿನ ಆ ಕೂಟದಲ್ಲಿ ಪುರೋಹಿತ ದೇವರ ಮಹಿಮೆ ಕುರಿತು ಪ್ರವಚನ ಮಾಡಬೇಕಿತ್ತು, ಆ ಪದ್ಧತಿಯನ್ನು ಆರಂಭಿಸಿದವನು ನಿಕೋಮಾಖಸ್ಸೇ. ಅಷ್ಟು ದಂಡಗಳ ಕಟ್ಟಳೆ ಇರುವುದು ಹೊಡೆದಾಟಗಳು ನಡೆಯುತ್ತಿದ್ದವು ಎಂಬುದಕ್ಕೆ ಸಾಕ್ಷಿ ಎಂದರೆ ಅದನ್ನೂ ಅಲ್ಲಗಳೆಯುವುದಿಲ್ಲ. ಕುಡಿದು ಹೊಡೆದಾಡುವುದು ನಾಚಿಕೆಗೇಡು ಎಂದು ಅವರೇ ಬಗೆದಿದ್ದರು ಎಂಬುದಕ್ಕೂ ಅದೇ ಸಾಕ್ಷಿ.

ಮೂರನೆಯ ಆಕ್ಷೇಪ ರೋಮಿನದು. ಕೂಟಗಳು ಊರಿಗೆ ಅಷ್ಟು ಹೊಂದಿಕೊಂಡಿದ್ದರೆ ರೋಮ್ ಅವುಗಳಿಗೆ ಯಾಕೆ ಹೆದರಿತು? ಕ್ರಿ.ಶ. 110ರ ಸುಮಾರಿಗೆ ಬಿಥಿನಿಯ-ಪಾಂಟಸ್ ಪ್ರಾಂತಕ್ಕೆ ಅಧಿಕಾರಿಯಾಗಿ ಬಂದ ಪ್ಲಿನಿ, ನಿಕೊಮೀಡಿಯದಲ್ಲಿ ದೊಡ್ಡ ಬೆಂಕಿ ಬಿದ್ದ ಮೇಲೆ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಅನೇಕ ಮನೆಗಳು, ಹಿರಿಯರ ಮಂಡಳಿಯ ಕಟ್ಟಡ, ಐಸಿಸ್ ಗುಡಿ ಸುಟ್ಟುಹೋಗಿದ್ದವು. ಊರಿನಲ್ಲಿ ಒಂದು ಪಂಪೂ ಇಲ್ಲ, ಒಂದು ಬಕೆಟೂ ಇಲ್ಲ, ಜನ ಕೈಕಟ್ಟಿ ನೋಡುತ್ತ ನಿಂತಿದ್ದರು. ಬೆಂಕಿ ಆರಿಸಲು 150 ಜನರ ಸಂಘಕ್ಕೆ ಅನುಮತಿ ಕೊಡಬಹುದೇ? ಟ್ರಾಜನ್ ಒಪ್ಪಲಿಲ್ಲ. ಉಪಕರಣ ತರಿಸಿಡು, ಸಂಘ ಬೇಡ. ಯಾವ ಹೆಸರಿನಲ್ಲಿ ಸೇರಿಸಿದರೂ ಅದು ಬೇಗನೆ ರಾಜಕೀಯದ ಗುಂಪಾಗುತ್ತದೆ, ಆ ಪ್ರಾಂತದ ಊರುಗಳನ್ನು ಕೆಡಿಸಿದ್ದೇ ಇಂಥವು ಎಂಬುದು ಅವನ ಉತ್ತರದ ಸಾರ. ಈ ಪತ್ರ ನನ್ನ ವಾದಕ್ಕೆ ವಿರುದ್ಧ ಎನ್ನುವವರುಂಟು. ಅದು ಪರವಾಗಿದೆ ಎಂದೇ ನಾನು ಓದುತ್ತೇನೆ. ಒಂಟಿ ಜೀವಗಳ ಆಸರೆಯ ತಾಣಕ್ಕೆ ಯಾವ ಚಕ್ರವರ್ತಿ ಹೆದರುತ್ತಾನೆ? ಸಭೆ ಸೇರುವುದು, ನಾಯಕನನ್ನು ಆರಿಸುವುದು, ಹಣ ಕೂಡಿಡುವುದು, ಜಯಕಾರ ಕೂಗುವುದು ಗೊತ್ತಿದ್ದವರು ಊರಿನ ರಾಜಕಾರಣಕ್ಕೆ ಇಳಿಯಲು ಸಿದ್ಧರಿರುತ್ತಾರೆ ಎಂದು ಟ್ರಾಜನ್‌ಗೆ ತಿಳಿದಿತ್ತು. ಈ ಮಟ್ಟಿಗೆ ಅವನು ಫುಕಾರ್‌ಗಿಂತ ಚೆನ್ನಾಗಿ ಈ ಕೂಟಗಳನ್ನು ಅರ್ಥಮಾಡಿಕೊಂಡಿದ್ದ.

ಆ ಕಟ್ಟುನಿಟ್ಟು ಎಲ್ಲೆಡೆಗೂ ಒಂದೇ ಆಗಿರಲಿಲ್ಲ. ಅದೇ ಪ್ರಾಂತದ ಅಮಿಸಸ್ ನಗರ ಒಪ್ಪಂದದ ಮೂಲಕ ತನ್ನ ಕಾನೂನನ್ನು ಉಳಿಸಿಕೊಂಡಿತ್ತು. ಅಲ್ಲಿನವರು ವಂತಿಗೆಯ ಕೂಟಕ್ಕೆ ಅನುಮತಿ ಕೇಳಿದಾಗ, ಗಲಭೆಗೆ ಬಳಸದೆ ಬಡವರ ನೆರವಿಗೆ ಬಳಸುವುದಾದರೆ ಅಡ್ಡಿ ಮಾಡಬೇಡ ಎಂದು ಟ್ರಾಜನ್ನೇ ಬರೆದ. ಎಫೆಸಸ್‌ನಲ್ಲಿ ಕ್ರಿ.ಶ. 88-89ರಲ್ಲಿ ಡಿಮೀಟರ್ ದೇವಿಯ ದೀಕ್ಷಿತರು ಪ್ರಾಂತಾಧಿಕಾರಿ ಮೆಸ್ಟ್ರಿಯಸ್ ಫ್ಲೋರಸ್‌ಗೆ ಕೊಟ್ಟ ಅರ್ಜಿ ಇನ್ನೂ ಜಾಣತನದ್ದು. ದೇವಿಯ ಜೊತೆಗೆ ಚಕ್ರವರ್ತಿಗಳನ್ನೂ ದೇವರೆಂದು ಪೂಜಿಸುತ್ತೇವೆ, ಹಿಂದಿನ ಅರಸರು, ಚಕ್ರವರ್ತಿಗಳು, ವರ್ಷವರ್ಷದ ಅಧಿಕಾರಿಗಳು ನಮ್ಮ ಹಕ್ಕನ್ನು ಮನ್ನಿಸಿದ್ದಾರೆ, ಅವರ ಪತ್ರಗಳು ಇಲ್ಲಿವೆ ಎಂಬ ಧಾಟಿ. ರೋಮಿನ ಹೆಸರನ್ನು ಗುಡಿಯೊಳಗೆ ಕೂರಿಸಿಕೊಂಡರೆ ರೋಮಿನ ಅನುಮಾನ ತಣ್ಣಗಾಗುತ್ತದೆ ಎಂದು ಊರುಗಳು ಕಲಿತ ಪಾಠವನ್ನೇ ಕೂಟಗಳೂ ಕಲಿತಿದ್ದವು. ಎರಡನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಗಾಯಸ್, ಸಾರ್ವಜನಿಕ ಕಾನೂನಿಗೆ ಭಂಗ ಬಾರದಷ್ಟರ ಮಟ್ಟಿಗೆ ಕೂಟಗಳು ತಮಗೆ ಬೇಕಾದ ನಿಯಮ ಮಾಡಿಕೊಳ್ಳಬಹುದೆಂಬ ರೋಮಿನ ಹಳೆಯ ಕಾನೂನು ಅಥೆನ್ಸಿನ ಕಾನೂನುಕಾರ ಸೋಲೋನ್‌ನಿಂದ ಬಂದಂತಿದೆ ಎಂದು ಬರೆದ.

ಕ್ರೈಸ್ತರ ಸಭೆಗಳು ಬೆಳೆದದ್ದು ಇದೇ ನೆಲದಲ್ಲಿ, ಅಕ್ಕಪಕ್ಕದವರು ಅವನ್ನು ಕಂಡದ್ದೂ ಇದೇ ಕಣ್ಣಿನಿಂದ. ಪ್ಲಿನಿ ವಿಚಾರಿಸಿದ ಕ್ರೈಸ್ತರಲ್ಲಿ ಕೆಲವರು, ನಿಗದಿತ ದಿನ ಬೆಳಕು ಹರಿಯುವ ಮುಂಚೆ ಸೇರಿ ಹಾಡುತ್ತಿದ್ದೆವು, ಆಮೇಲೆ ಊಟಕ್ಕೆ ಸೇರುತ್ತಿದ್ದೆವು, ಕೂಟಗಳನ್ನು ನಿಷೇಧಿಸಿದ ನಿಮ್ಮ ಆಜ್ಞೆ ಬಂದ ಮೇಲೆ ಊಟವನ್ನು ನಿಲ್ಲಿಸಿದೆವು ಎಂದರು. ವ್ಯಂಗ್ಯಬರಹಗಾರ ಲೂಸಿಯನ್, ಪೆರೆಗ್ರಿನಸ್ ಎಂಬವನು ಕ್ರೈಸ್ತರ ನಡುವೆ ಮುಖಂಡನಾದದ್ದನ್ನು ಹೇಳುವಾಗ ಕೂಟದ ಯಜಮಾನನಿಗೆ ಇದ್ದ ಹೆಸರನ್ನೇ ಬಳಸಿದ. ಕ್ರೈಸ್ತರು ಕಾನೂನಿಗೆ ವಿರುದ್ಧವಾಗಿ ಗುಟ್ಟಿನ ಕೂಟ ಕಟ್ಟುತ್ತಾರೆ ಎಂಬುದು ಅವರ ವಿರೋಧಿ ಕೆಲ್ಸಸ್‌ನ ಮೊದಲ ಆರೋಪ. ವ್ಯತ್ಯಾಸವೂ ದೊಡ್ಡದೇ ಇತ್ತು: ಚಕ್ರವರ್ತಿಗೆ ಧೂಪ ಹಾಕಲು ಅವರು ಒಪ್ಪಲಿಲ್ಲ, ಒಂದು ದೇವರ ಜೊತೆ ಇನ್ನೊಂದನ್ನು ಕೂರಿಸಲೂ ಇಲ್ಲ. ಡಿಮೀಟರ್ ದೀಕ್ಷಿತರ ಜಾಣತನಕ್ಕೆ ಅಲ್ಲಿ ಜಾಗವಿರಲಿಲ್ಲ.

ಬೇರೆ ದೇವರ ಜನ ಊರಿನ ಕೂಟಗಳ ಜೊತೆ ಸೇರಲೇ ಇಲ್ಲ ಎಂದೂ ಹೇಳುವಂತಿಲ್ಲ. ಹಿಯರಾಪೊಲಿಸ್‌ನಲ್ಲಿ, ಬಿಸಿನೀರಿನ ಬುಗ್ಗೆಗಳ ಆ ಊರಿನ ಸ್ಮಶಾನದಲ್ಲಿ, ಪಬ್ಲಿಯಸ್ ಏಲಿಯಸ್ ಗ್ಲೈಕೋನ್ ಎಂಬವನ ಗೋರಿಯಿದೆ. ಕ್ರಿ.ಶ. 200ರ ಆಸುಪಾಸಿನದು. ಹೆಸರು ಗ್ರೀಕ್, ಪೌರತ್ವ ರೋಮಿನದು, ಅವನು ನೆನೆಯುವ ಹಬ್ಬಗಳು ಯೆಹೂದಿಗಳವು. ತನ್ನ ಗೋರಿಯ ಬಳಿ ವರ್ಷಕ್ಕೊಮ್ಮೆ ಸ್ಮರಣೆ ನಡೆಯಲೆಂದು ಅವನು ಕೆನ್ನೀಲಿ ಬಣ್ಣಗಾರರ ಸಂಘಕ್ಕೆ 200 ದೆನಾರಿಯಸ್ ಇಟ್ಟ. ಅದರ ಬಡ್ಡಿಯನ್ನು ಹುಳಿಯಿಲ್ಲದ ರೊಟ್ಟಿಯ ಹಬ್ಬದಂದು ಸದಸ್ಯರಿಗೆ ಹಂಚಬೇಕು. ಜಮಖಾನೆ ನೇಯುವವರ ಸಂಘಕ್ಕೆ 150 ದೆನಾರಿಯಸ್. ಅದರ ಬಡ್ಡಿಯಲ್ಲಿ ಅರ್ಧವನ್ನು ರೋಮನ್ನರ ಹೊಸ ವರ್ಷದ ಹಬ್ಬಕ್ಕೆ, ಅರ್ಧವನ್ನು ಯೆಹೂದಿಗಳ ಪೆಂಟೆಕೋಸ್ಟ್ ಹಬ್ಬಕ್ಕೆ ಹಂಚಬೇಕೆಂದು ಬರೆಸಿದ.